ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಾಗ: ಕ್ಯಾಸನೂರು ಕಾಡಿನ ಕಾಯಿಲೆಯ ಹೊತ್ತಿನಲ್ಲಿ ಊರು ಮಾಡಬೇಕಾದ ಕೆಲಸ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಪ್ಪು ಮೋರೆಯ ಮುಸುವಗಳನ್ನೂ ನೆತ್ತಿಯಲ್ಲಿ ಸುಳಿಗೂದಲಿರುವ ಸಾದಾ ಮಂಗಗಳನ್ನೂ ಒಂದೇ ಬೇಸಿಗೆಯಲ್ಲಿ ಗುಂಪುಗುಂಪಾಗಿ ಬಲಿ ತೆಗೆದುಕೊಳ್ಳುವ ರೋಗವೆಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಲೆನಾಡಿನವರು ಮಂಗನ ಕಾಯಿಲೆಯೆಂದು ಕರೆಯುವ ಕೆ.ಎಫ್.ಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದ ಸುದ್ದಿಯ ಜಾಡು ಹಿಡಿದು ಬಂದ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂದು ಶಂಕಿಸಿದ್ದರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಉಣುಗಿನಿಂದ ಹರಡುವ ಬೇರೆಯೇ ಒಂದು ವೈರಾಣು. ಬಹಳ ಕಾಲ ಶಿವಮೊಗ್ಗ ಮತ್ತು ಅದರ ನೆರೆಯ ಜಿಲ್ಲೆಗಳದ್ದೇ ರೋಗವೆಂದುಕೊಂಡಿದ್ದ ಇದು 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಅನಂತರ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಘಟ್ಟದ ಉದ್ದಕ್ಕೂ ಇದೆಯೆಂಬುದು ಗೊತ್ತಾಯಿತು.

ಕಾಡಿನಲ್ಲಿರುವ ಮಂಗಗಳಿಗೆ ಈ ರೋಗಕ್ಕೆ ಕೊಡಬಹುದಾದ ಲಸಿಕೆಯಾಗಲಿ ಔಷಧಿಯಾಗಲಿ ಇಲ್ಲ. ಆದ್ದರಿಂದ ಅವುಗಳನ್ನು ಉಳಿಸುವ ಪ್ರಯತ್ನವೆಲ್ಲ ಎರಡೇ ಕೆಲಸಗಳ ಮೇಲೆ ನಿಂತಿದೆ. ಮೊದಲನೆಯದು, ಸತ್ತ ಮಂಗದಿಂದ ಉದುರುವ ಸೋಂಕಿತ ಉಣುಗುಗಳು ಬದುಕಿರುವ ಗುಂಪಿಗೂ ಜನರಿಗೂ ತಲುಪದಂತೆ ತಡೆಯುವುದು. ಎರಡನೆಯದು, ಹೆದರಿದ ಜನ ಮಂಗಗಳ ಮೇಲೆಯೇ ತಿರುಗಿ ಬೀಳದಂತೆ ನೋಡಿಕೊಳ್ಳುವುದು. ಎರಡೂ ಸಾಧ್ಯವಾಗಬೇಕಾದರೆ ಮೊದಲ ಹೆಣ ಕಂಡ ದಿನವೇ ಸುದ್ದಿ ಸರಿಯಾದ ಕಡೆಗೆ ಮುಟ್ಟಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮ ಅರಣ್ಯ ಸಮಿತಿಯವರು, ಆಶಾ ಕಾರ್ಯಕರ್ತೆಯರು, ತೋಟದ ಯಜಮಾನರು, ಕಾಡಿಗೆ ಹೋಗಿಬರುವ ಕೆಲಸಗಾರರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ.

ಮಳೆಗಾಲ ಮುಗಿಯುವುದರೊಳಗೆ

ಉಣುಗಿನ ಬದುಕು ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನ, ಕಾಟಿ, ಕಡವೆಗಳಂತಹ ಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಬಿದ್ದು, ತರಗೆಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತವೆ. ಮಳೆ ಹಿಂದೆಗೆದ ಮೇಲೆ ಮರಿಗಳು ಹೊರಬಂದು ಇಲಿ, ಮೂಗಿಲಿ, ಅಳಿಲು, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ಅಲ್ಲಿ ಒಮ್ಮೆ ರಕ್ತ ಕುಡಿದು ಪೊರೆ ಕಳಚಿದ ಎಳೆಯ ಉಣುಗುಗಳು ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೂ ಕಾಡಿನ ನೆಲದಲ್ಲಿ ತುಂಬಿರುತ್ತವೆ. ಮಂಗಗಳಿಗೂ ಮನುಷ್ಯರಿಗೂ ರೋಗ ತಗಲಿಸುವುದರಲ್ಲಿ ಈ ಎಳೆಯ ಉಣುಗುಗಳದ್ದೇ ದೊಡ್ಡ ಪಾಲು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಯಿಲೆ ಏರುವುದಕ್ಕೆ ಕಾರಣ ಇದೇ. ಅಡಿಕೆ ಕೊಯ್ಲು, ಸೊಪ್ಪು ಕಡಿಯುವುದು, ದರಗು (ಒಣಗಿ ಉದುರಿದ ಎಲೆ) ಗುಡಿಸುವುದು, ಸೀಗೆಕಾಯಿ ಕೀಳುವುದು ಮುಂತಾಗಿ ಜನ ಬೆಟ್ಟ ಹತ್ತುವ ಕೆಲಸಗಳೆಲ್ಲ ಬರುವುದೂ ಈ ತಿಂಗಳುಗಳಲ್ಲೇ.

ಹೀಗಿರುವಾಗ ಸಿದ್ಧತೆ ಅಕ್ಟೋಬರ್‌ನಲ್ಲಿಯೇ ಆಗಬೇಕು. ಆರೋಗ್ಯ, ಪಶುಪಾಲನೆ ಮತ್ತು ಅರಣ್ಯ, ಈ ಮೂರೂ ಇಲಾಖೆಗಳ ಸ್ಥಳೀಯ ಸಿಬ್ಬಂದಿಯನ್ನು ಪಂಚಾಯಿತಿ ಒಂದೇ ಸಭೆಗೆ ಕರೆದು, ಮಂಗ ಸತ್ತ ಸುದ್ದಿ ಬಂದರೆ ಯಾರು ಮೊದಲು ಹೋಗಬೇಕು, ಮರಣೋತ್ತರ ಪರೀಕ್ಷೆ ಮಾಡುವ ಪಶುವೈದ್ಯರು ಯಾರು, ಅವರು ರಜೆಯಲ್ಲಿದ್ದರೆ ಬದಲಿ ಯಾರು, ಸುಡಲು ಬೇಕಾದ ಕಟ್ಟಿಗೆ ಮತ್ತು ಸೀಮೆಎಣ್ಣೆಯ ಖರ್ಚು ಯಾರ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಹೆಸರು ಹಿಡಿದು ಬರೆದಿಟ್ಟುಕೊಳ್ಳಬೇಕು. ಇದು ಕಚೇರಿ ಕಾಗದದ ಶಾಸ್ತ್ರವೆಂದು ತಳ್ಳಿಹಾಕುವ ಮಾತಲ್ಲ. ಹೆಣ ಕಾಡಿನ ಗಡಿಯ ಒಳಗಿದೆಯೋ ಸೊಪ್ಪಿನ ಬೆಟ್ಟದಲ್ಲಿದೆಯೋ ಎಂಬ ಚರ್ಚೆಯಲ್ಲಿ ಒಂದು ದಿನ ಕಳೆದುಹೋದರೆ ಮಾದರಿಯೂ ಕೆಡುತ್ತದೆ, ಉಣುಗುಗಳೂ ಚದುರುತ್ತವೆ. ಹಿಂದಿನ ವರ್ಷಗಳಲ್ಲಿ ಮಂಗ ಸತ್ತ ಜಾಗಗಳು, ಜ್ವರ ಬಂದ ಮನೆಗಳು, ಜನ ನಿತ್ಯ ಓಡಾಡುವ ಕಾಲುದಾರಿಗಳು ಮತ್ತು ಮುಸುವಗಳು ರಾತ್ರಿ ತಂಗುವ ಮರಗಳನ್ನು ಊರಿನ ನಕ್ಷೆಯೊಂದರಲ್ಲಿ ಗುರುತಿಸಿಕೊಂಡರೆ, ಕಣ್ಣಿಡಬೇಕಾದ ತಾಣಗಳು ತಾವಾಗಿಯೇ ಗೊತ್ತಾಗುತ್ತವೆ.

ಉಣುಗಿನಲ್ಲಿ ವೈರಾಣು ಇದೆಯೇ ಎಂದು ತಿಳಿಯಲು ಆರೋಗ್ಯ ಇಲಾಖೆಯ ಕೀಟ ಸಂಗ್ರಹಕಾರರು ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಮೆಲ್ಲಗೆ ಎಳೆದು ಉಣುಗುಗಳನ್ನು ಹಿಡಿಯುತ್ತಾರೆ. ಕೆಲವು ಹೆಜ್ಜೆ ಎಳೆದು ಬಟ್ಟೆಯನ್ನು ಮಗುಚಿ ನೋಡಿದರೆ, ಎಳ್ಳಿನ ಕಾಳಿಗಿಂತಲೂ ಸಣ್ಣದಾದ ಕಂದು ಚುಕ್ಕೆಗಳು ನೂಲಿನ ಎಳೆಗಳ ನಡುವೆ ಕಾಲು ಚಾಚಿಕೊಂಡು ನಡೆಯುತ್ತಿರುವುದು ಕಾಣುತ್ತದೆ. ಅವುಗಳನ್ನು ಚಿಮುಟದಿಂದ ಹೆಕ್ಕಿ ಸೀಸೆಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಲಾಗುತ್ತದೆ. ಈ ಕೆಲಸಕ್ಕೆ ತರಬೇತಿ ಇಲ್ಲದವರು ಕೈಹಾಕಬಾರದು, ಆದರೆ ಎಲ್ಲಿ ಎಳೆಯಬೇಕೆಂದು ತೋರಿಸಲು ಊರಿನವರಿಗಿಂತ ಸರಿಯಾದವರು ಸಿಗುವುದಿಲ್ಲ.

ಸತ್ತ ಮಂಗ ಕಂಡ ಕೂಡಲೇ

ಮೊದಲ ನಿಯಮ, ಹತ್ತಿರ ಹೋಗಬಾರದು. ಕರುಣೆಯಿಂದ ಹೂಳುವುದು, ಹನುಮಂತನ ಸ್ವರೂಪವೆಂದು ಹೂವು ಅರಿಶಿನ ಕುಂಕುಮ ಹಾಕಿ ಮೆರವಣಿಗೆಯಲ್ಲಿ ಒಯ್ದು ಸಂಸ್ಕಾರ ಮಾಡುವುದು, ನಾಯಿಯ ಬಾಯಿಗೆ ಸಿಗದಿರಲೆಂದು ಕೋಲಿನಿಂದ ತಳ್ಳಿ ಹೊಂಡಕ್ಕೆ ಹಾಕುವುದು, ಇವೆಲ್ಲ ನಮ್ಮ ಊರುಗಳಲ್ಲಿ ಸದುದ್ದೇಶದಿಂದಲೇ ನಡೆಯುತ್ತವೆ. ಭಕ್ತಿಗೆ ಕುಂದಿಲ್ಲ. ಆದರೆ ಪ್ರಾಣಿ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ತುಪ್ಪಳದಲ್ಲಿದ್ದ ಉಣುಗುಗಳು ಕಚ್ಚಿದ ಹಿಡಿತ ಬಿಟ್ಟು ಕೆಳಗಿಳಿಯತೊಡಗುತ್ತವೆ, ಅವುಗಳಿಗೆ ಆಗ ಬೇಕಿರುವುದು ಬಿಸಿ ರಕ್ತವಿರುವ ಇನ್ನೊಂದು ಮೈ. ಹೆಣದ ಸುತ್ತಲಿನ ನೆಲವೇ ಹೆಣಕ್ಕಿಂತ ಅಪಾಯದ್ದು ಎಂಬುದನ್ನು ಊರಿನ ಮಕ್ಕಳಿಗೂ ಹೇಳಿಕೊಡಬೇಕು.

ದೂರದಲ್ಲಿ, ತರಗೆಲೆ ಇಲ್ಲದ ಬಯಲು ನೆಲದಲ್ಲಿ ಅಥವಾ ರಸ್ತೆಯ ಮೇಲೆ ನಿಂತು ಫೋನಿನಲ್ಲಿ ಒಂದೆರಡು ಚಿತ್ರ ತೆಗೆದು, ಜಾಗದ ಲೊಕೇಶನ್ ಸಮೇತ ಸುದ್ದಿ ಕಳಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಅರಣ್ಯ ಇಲಾಖೆಯ ಗಸ್ತು ಸಿಬ್ಬಂದಿ, ಈ ಮೂವರಿಗೂ ತಿಳಿಸಬೇಕೇ ಹೊರತು ಒಬ್ಬರಿಗೆ ಹೇಳಿ ಅವರು ಉಳಿದವರಿಗೆ ಹೇಳುತ್ತಾರೆಂದು ಕೂರಬಾರದು. ಸ್ಥಳೀಯ ಸಂಖ್ಯೆಗಳು ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104, ಅರಣ್ಯ ಸಹಾಯವಾಣಿ 1926 ಮತ್ತು ಪಶು ಸಹಾಯವಾಣಿ 1962 ಇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿತ್ರ ಹಾಕಿದ ಮಾತ್ರಕ್ಕೆ ವರದಿ ಮಾಡಿದಂತಾಗುವುದಿಲ್ಲ, ಅದನ್ನು ನೋಡಿದ ಐವತ್ತು ಮಂದಿಯೂ ಬೇರೆ ಯಾರೋ ತಿಳಿಸಿರಬಹುದು ಎಂದುಕೊಂಡು ಸುಮ್ಮನಾಗುವುದೇ ಹೆಚ್ಚು.

ಹೇಳಬೇಕಾದ ವಿವರಗಳು ಹೀಗಿರಲಿ: ಕಂಡ ದಿನ ಮತ್ತು ಹೊತ್ತು, ಮುಸುವವೋ ಸಾದಾ ಮಂಗವೋ, ದೊಡ್ಡದೋ ಮರಿಯೋ, ಒಂದೇ ಇದೆಯೋ ಹಲವು ಇವೆಯೋ, ಮೈ ಇನ್ನೂ ಹೊಸದಾಗಿದೆಯೋ ಉಬ್ಬಿದೆಯೋ ಬರೀ ಎಲುಬು ಉಳಿದಿದೆಯೋ. ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯೇ, ಪಕ್ಕದಲ್ಲಿ ವಾಹನಗಳ ರಸ್ತೆಯಿದೆಯೇ, ನಾಯಿ ಕಚ್ಚಿದ ಗಾಯ ಕಾಣುತ್ತದೆಯೇ, ಹತ್ತಿರದ ತೋಟದಲ್ಲಿ ವಿಷ ಇಟ್ಟ ಸುದ್ದಿ ಇದೆಯೇ ಎಂಬುದನ್ನೂ ಸೇರಿಸಬೇಕು. ಮಂಗಗಳು ಸಾಯುವುದು ಕೆ.ಎಫ್.ಡಿ.ಯಿಂದ ಮಾತ್ರವಲ್ಲ, ಆದರೂ ಮೈಮೇಲೆ ಗಾಯವಿಲ್ಲದೆ ಒಂದು ವಾರದೊಳಗೆ ಒಂದೇ ಬೆಟ್ಟದಲ್ಲಿ ಎರಡು ಮೂರು ಹೆಣ ಸಿಕ್ಕರೆ ಬೇರೆ ಕಾರಣ ಹುಡುಕುತ್ತ ಹೊತ್ತು ಕಳೆಯಬಾರದು. ಮರದಿಂದ ಇಳಿದು ನೆಲದಲ್ಲಿ ಮುದುಡಿ ಕುಳಿತ, ಗುಂಪು ಮುಂದೆ ಹೋದರೂ ಹಿಂದೆಯೇ ಉಳಿದ, ಜನ ಕಂಡರೂ ಓಡಲಾರದ ಮಂಗವನ್ನು ಕಂಡರೂ ಇದೇ ರೀತಿ ತಿಳಿಸಬೇಕು. ಅದಕ್ಕೆ ನೀರು ಕುಡಿಸಲು, ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಲು ಹೋಗಬಾರದು.

ತಂಡ ಬರುವವರೆಗೆ ಒಬ್ಬಿಬ್ಬರು ದೂರದಲ್ಲಿ ನಿಂತು ಆ ಕಡೆಗೆ ಜನ, ದನ, ನಾಯಿ ಹೋಗದಂತೆ ತಡೆದರೆ ಸಾಕು. ನಾಯಿಗಳದ್ದು ದೊಡ್ಡ ತಲೆನೋವು, ಏಕೆಂದರೆ ಹೆಣವನ್ನು ಎಳೆದಾಡಿದ ನಾಯಿ ಅಲ್ಲಿಂದ ನೇರವಾಗಿ ಮನೆಯ ಜಗಲಿಗೆ ಬಂದು ಮಲಗುತ್ತದೆ. ಆ ದಿನವಾದರೂ ಊರಿನ ನಾಯಿಗಳನ್ನು ಕಟ್ಟಿಹಾಕಬೇಕು.

ಮಾದರಿ ತೆಗೆಯುವುದು ಮತ್ತು ಸುಡುವುದು

ಇಲ್ಲಿಂದ ಮುಂದಿನದು ಪಶುವೈದ್ಯರ ಕೆಲಸ. ಮೈಮುಚ್ಚುವ ರಕ್ಷಣಾ ಉಡುಪು, ಎರಡು ಜೊತೆ ಕೈಗವಸು, ಮುಖಗವಸು, ಕನ್ನಡಕ, ಗಂಬೂಟು ಧರಿಸಿ, ಬಯಲಿನಲ್ಲಿಯೇ ಮರಣೋತ್ತರ ಪರೀಕ್ಷೆ ಮಾಡಿ, ಮೆದುಳು, ಪಿತ್ತಜನಕಾಂಗ, ಗುಲ್ಮ, ಶ್ವಾಸಕೋಶ, ಮೂತ್ರಪಿಂಡಗಳ ಚೂರುಗಳನ್ನು ತೆಗೆದು, ತಂಪು ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಾಣು ಪತ್ತೆ ಪ್ರಯೋಗಾಲಯವಿದೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿಯೂ ಪರೀಕ್ಷೆಯಾಗುತ್ತದೆ. ಈ ವೈರಾಣುವಿನೊಂದಿಗೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಸಿಬ್ಬಂದಿಗೇ ಸೋಂಕು ತಗಲಿದ ಪ್ರಕರಣಗಳು ಹಿಂದೆ ನಡೆದಿರುವುದರಿಂದ, ಧೈರ್ಯವಂತರೆಂದು ಹೆಸರಾದ ಊರಿನ ಯುವಕರನ್ನು ಬರಿಗೈಯಲ್ಲಿ ನೆರವಿಗೆ ಕರೆಯುವ ಅಭ್ಯಾಸವನ್ನು ಪೂರ್ತಿಯಾಗಿ ಬಿಡಬೇಕು.

ಬೇಸಿಗೆಯ ಸೆಕೆಯಲ್ಲಿ ಹೆಣ ಬೇಗ ಕೊಳೆಯುತ್ತದೆ, ಕೊಳೆತ ಮಾದರಿಯಲ್ಲಿ ವೈರಾಣು ಸಿಗದೆ ಹೋಗಬಹುದು. ಆದ್ದರಿಂದ ವರದಿಯಲ್ಲಿ ಸೋಂಕಿಲ್ಲವೆಂದು ಬಂದರೆ ಊರು ಅದನ್ನು ಕಾಯಿಲೆ ಇಲ್ಲವೆಂಬ ಪ್ರಮಾಣಪತ್ರವೆಂದು ತಿಳಿಯದೆ, ಮಾದರಿ ಯಾವ ಸ್ಥಿತಿಯಲ್ಲಿತ್ತೆಂದು ಕೇಳಬೇಕು. ಫಲಿತಾಂಶ ಬರುವವರೆಗೆ ಸೋಂಕು ಇದೆಯೆಂದೇ ಭಾವಿಸಿ ನಡೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ.

ಮಾದರಿ ತೆಗೆದ ಮೇಲೆ ಹೆಣವನ್ನು ಬೇರೆ ಕಡೆಗೆ ಸಾಗಿಸದೆ ಅಲ್ಲಿಯೇ ಸಾಕಷ್ಟು ಕಟ್ಟಿಗೆ ಒಟ್ಟಿ ಪೂರ್ತಿ ಬೂದಿಯಾಗುವವರೆಗೆ ಸುಡಬೇಕು. ಅರೆಬರೆ ಸುಟ್ಟರೆ ರಾತ್ರಿ ನರಿಯೋ ಹಂದಿಯೋ ಎಳೆದಾಡುತ್ತದೆ. ಒಣ ಕಾಡಿನಲ್ಲಿ ಬೆಂಕಿ ಹಚ್ಚುವ ಕೆಲಸವಾದ್ದರಿಂದ ಸುತ್ತಲಿನ ತರಗನ್ನು ಬೆಂಕಿಯ ಕಡೆಗೇ ಗುಡಿಸಿ, ಬೆಂಕಿ ರೇಖೆ ಬಿಡಿಸಿ, ಕೆಂಡ ಆರುವವರೆಗೆ ಅರಣ್ಯ ಸಿಬ್ಬಂದಿ ಅಲ್ಲಿಯೇ ಇರುವಂತೆ ನೋಡಿಕೊಳ್ಳಬೇಕು. ತೊಟ್ಟ ಕೈಗವಸು, ಉಡುಪುಗಳನ್ನೂ ಅದೇ ಬೆಂಕಿಗೆ ಹಾಕಬಹುದು.

ಉಣುಗು ಉದುರಿದ ನೆಲ

ಸುಟ್ಟ ಮೇಲೆ ಆ ಜಾಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುವುದು ರೂಢಿಯಲ್ಲಿರುವ ಕ್ರಮ. ಎಷ್ಟು ದೂರದವರೆಗೆ ಎರಚಬೇಕೆಂಬುದನ್ನು ನೆಲದ ಇಳಿಜಾರು ಮತ್ತು ಪೊದೆ ನೋಡಿ ಆರೋಗ್ಯ ಇಲಾಖೆಯ ತಂಡ ತೀರ್ಮಾನಿಸುತ್ತದೆ. ಹೆಣ ಸಿಕ್ಕ ಜಾಗವಲ್ಲದೆ ಜನ ತಪ್ಪದೆ ನಡೆಯಲೇಬೇಕಾದ ಕಾಲುದಾರಿಯ ಎರಡೂ ಬದಿಗೆ ಎರಚುವುದು ಉಪಯುಕ್ತ. ಇಡೀ ಕಾಡಿಗೆ ಔಷಧಿ ಹೊಡೆಯಬೇಕೆಂಬ ಒತ್ತಾಯ ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತದೆ, ಅದಕ್ಕೆ ಮಣಿಯಬಾರದು. ಮೆಲಾಥಿಯಾನ್ ಜೇನ್ನೊಣಕ್ಕೂ ಮೀನಿಗೂ ವಿಷ. ಹಳ್ಳ, ಕೆರೆ, ಕುಡಿಯುವ ನೀರಿನ ಒರತೆಯ ಬಳಿ ಅದನ್ನು ಎರಚಿದರೆ ಕಾಯಿಲೆಗಿಂತ ಬೇರೆಯದೇ ತೊಂದರೆ ಶುರುವಾಗುತ್ತದೆ. ಉಣುಗು ಸಾಯಲೆಂದು ಬೆಟ್ಟಕ್ಕೆ ಬೆಂಕಿ ಕೊಡುವುದಂತೂ ಕಾನೂನಿನ ಪ್ರಕಾರ ಅಪರಾಧ.

ಪುಡಿ ಎರಚಿದ ಮಾತ್ರಕ್ಕೆ ಜಾಗ ಸುರಕ್ಷಿತವಾಯಿತೆಂದು ತಿಳಿಯಬಾರದು. ಒಮ್ಮೆ ಸೋಂಕು ಹೊಕ್ಕ ಉಣುಗು ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದರೂ ವೈರಾಣು ಅದರ ಮೈಯಲ್ಲಿ ಉಳಿಯುತ್ತದೆ. ಆ ಋತು ಮುಗಿಯುವವರೆಗೆ ದನ ಮೇಯಿಸಲು, ಸೌದೆಗೆ, ದರಗಿಗೆ ಅಲ್ಲಿಗೆ ಹೋಗದಂತೆ ಮರಕ್ಕೆ ಫಲಕ ಕಟ್ಟಬೇಕು, ಮನೆಮನೆಗೆ ಬಾಯಿಮಾತಿನಲ್ಲಿಯೂ ತಿಳಿಸಬೇಕು.

ಬದುಕಿರುವ ಗುಂಪಿನ ವಿಷಯದಲ್ಲಿ

ಸಾವಿನ ಸುದ್ದಿ ಹಬ್ಬಿದ ಮೇಲೆ ಊರಿನಲ್ಲಿ ಮೊದಲು ಏಳುವ ಮಾತು, ಮಂಗಗಳನ್ನು ಓಡಿಸಬೇಕು ಅಥವಾ ಹಿಡಿದು ದೂರ ಬಿಡಬೇಕು ಎಂಬುದು. ತೋಟದ ಬಾಳೆ, ಏಲಕ್ಕಿ, ಎಳೆ ಅಡಿಕೆಯನ್ನು ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ, ಆದರೆ ಆ ಸಿಟ್ಟನ್ನು ತೀರಿಸಿಕೊಳ್ಳುವುದಕ್ಕೆ ಕಾಯಿಲೆಯ ಕಾಲ ಎಲ್ಲಕ್ಕಿಂತ ಕೆಟ್ಟ ಕಾಲ. ಪಟಾಕಿ ಹೊಡೆದು, ಕವಣೆ ಬೀಸಿ ಚದುರಿಸಿದ ಗುಂಪು ತನ್ನ ಮೈಮೇಲಿನ ಉಣುಗುಗಳನ್ನು ಹೊತ್ತುಕೊಂಡೇ ಪಕ್ಕದ ಬೆಟ್ಟಕ್ಕೆ ಹೋಗುತ್ತದೆ, ಅಲ್ಲಿ ಸತ್ತರೆ ಅಲ್ಲಿಯೂ ಒಂದು ಸೋಂಕಿನ ತಾಣ ಹುಟ್ಟುತ್ತದೆ. ಬೋನಿಟ್ಟು ಹಿಡಿದು ಲಾರಿಯಲ್ಲಿ ಇನ್ನೊಂದು ತಾಲ್ಲೂಕಿನ ಕಾಡಿಗೆ ಬಿಡುವುದೆಂದರೆ ಆ ತಾಣವನ್ನೇ ವಾಹನದಲ್ಲಿ ಕಳಿಸಿದಂತೆ. ವಿಷವಿಕ್ಕುವುದು, ಗುಂಡು ಹೊಡೆಯುವುದು ಇನ್ನೂ ಕೆಡುಕು, ಏಕೆಂದರೆ ಅದರಿಂದ ಹೆಚ್ಚುವುದು ಉಣುಗು ಉದುರಿಸುವ ಹೆಣಗಳೇ. ಮುಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿರುವ ಪ್ರಾಣಿಯೆಂಬುದನ್ನು ಪಂಚಾಯಿತಿ ಸಭೆಯಲ್ಲಿ ಒಮ್ಮೆ ಓದಿ ಹೇಳುವುದು ಒಳ್ಳೆಯದು.

ವೈರಾಣು ಕಾಡಿನಲ್ಲಿ ಉಳಿದುಕೊಂಡಿರುವುದು ಉಣುಗು ಮತ್ತು ಸಣ್ಣ ಪ್ರಾಣಿಗಳ ನಡುವೆ. ಮಂಗಗಳು ಇಲ್ಲವಾದರೆ ಕಾಯಿಲೆ ಹೋಗುವುದಿಲ್ಲ, ಅದು ಬಂದಿದೆಯೆಂದು ನಮಗೆ ತಿಳಿಸುವ ಸೂಚನೆ ಮಾತ್ರ ಹೋಗುತ್ತದೆ. ಸೋಂಕು ತಗಲಿ ಚೇತರಿಸಿಕೊಂಡ ಮಂಗಗಳ ಮೈಯಲ್ಲಿ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಅಂಥವು ಉಳಿದಿರುವ ಗುಂಪನ್ನು ಕಲಕದೆ ಬಿಡುವುದು ಆ ಕಾಡಿನ ಮುಂದಿನ ಪೀಳಿಗೆಯ ಮಂಗಗಳಿಗೆ ನಾವು ಮಾಡಬಹುದಾದ ಉಪಕಾರ. ದೇವಸ್ಥಾನದ ಬಳಿ, ಘಾಟಿ ರಸ್ತೆಯ ತಿರುವುಗಳಲ್ಲಿ ಬಾಳೆಹಣ್ಣು, ಬಿಸ್ಕತ್ತು ಎಸೆಯುವುದನ್ನೂ ಈ ತಿಂಗಳುಗಳಲ್ಲಿ ನಿಲ್ಲಿಸಬೇಕು. ತಿಂಡಿಯ ಆಸೆಗೆ ಬೇರೆ ಬೇರೆ ಗುಂಪುಗಳು ಒಂದೇ ಕಡೆ ಸೇರಿದರೆ ಉಣುಗುಗಳೂ ಅಲ್ಲಿ ಸೇರುತ್ತವೆ.

ಕಾಡನ್ನು ತುಂಡು ಮಾಡುವ ಕೆಲಸಗಳನ್ನು ಕಾಯಿಲೆಯ ಋತುವಿನಲ್ಲಿ ಮುಂದೂಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ಈ ರೋಗ ಭೀಕರವಾಗಿ ಎದ್ದದ್ದನ್ನು ದಕ್ಷಿಣ ಕನ್ನಡ ಮರೆತಿರಲಾರದು.

ಕೊಟ್ಟಿಗೆ ಮತ್ತು ದರಗು

ದನಗಳು ಈ ವೈರಾಣುವನ್ನು ಹರಡುವುದಿಲ್ಲ, ಆದರೆ ದೊಡ್ಡ ಉಣುಗುಗಳಿಗೆ ಹೊಟ್ಟೆತುಂಬ ರಕ್ತ ಕೊಟ್ಟು ಅವುಗಳ ಸಂತತಿ ಬೆಳೆಯಲು ಕಾರಣವಾಗುತ್ತವೆ. ಕಾಡಿಗೆ ಬಿಡುವ ದನಗಳ ಬೆನ್ನಿನ ಉದ್ದಕ್ಕೂ ಸುರಿಯುವ, ಉಣುಗು ಕೊಲ್ಲುವ ಫ್ಲುಮೆಥ್ರಿನ್ ದ್ರಾವಣವನ್ನು ಅಥವಾ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಪಶುವೈದ್ಯರ ಸಲಹೆಯಂತೆ ಕೊಡಿಸಬೇಕು. ಹಾಲು ಕೊಡುವ ಹಸುವಾದರೆ, ಎಷ್ಟು ದಿನ ಹಾಲನ್ನು ಬಳಸಬಾರದೆಂದು ಮೊದಲೇ ಕೇಳಿಕೊಳ್ಳಬೇಕು.

ಕೊಟ್ಟಿಗೆಗೆ ಹಾಸಲು ಬೆಟ್ಟದ ದರಗು ತರುವುದು ಮಲೆನಾಡಿನ ಬೇಸಾಯದ ಬೆನ್ನೆಲುಬು. ಅದನ್ನು ಪೂರ್ತಿ ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮಂಗ ಸತ್ತ ಬೆಟ್ಟದ ದರಗು ಮಾತ್ರ ಆ ವರ್ಷ ಬೇಡವೇ ಬೇಡ. ಅದರ ಬದಲಿಗೆ ತೋಟದೊಳಗಿನ ಸೋಗೆ, ಹುಲ್ಲು, ಭತ್ತದ ಹೊಟ್ಟು ಬಳಸಬಹುದು.

ಬೆಟ್ಟಕ್ಕೆ ಹೋಗಲೇಬೇಕಾದವರು ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ತಡೆಯಲು ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಮನೆಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚರ್ಮಕ್ಕೆ ತಾಗುವಂತೆ ಚಿಮುಟದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯಿಂದ ಸುಡುವುದು, ಉಗುರಿನಲ್ಲಿ ಹಿಸುಕುವುದು ಬೇಡ.

ಊರಿನ ಜ್ವರದ ಮೇಲೆ ಕಣ್ಣು

ಮಂಗ ಸತ್ತ ಸುತ್ತಮುತ್ತಲಿನ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಋತು ಮುಗಿಯುವವರೆಗೂ ಹೋಗಿಬರಬೇಕು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಗೇ ಏರುವ ಜ್ವರ, ಹಣೆಯಲ್ಲಿ ತೀವ್ರ ನೋವು, ಸೊಂಟ ಮತ್ತು ಮೀನಖಂಡದ ಸೆಳೆತ, ವಾಂತಿ, ಕೆಲವರಿಗೆ ವಸಡು ಮೂಗಿನಲ್ಲಿ ರಕ್ತ, ಇವು ಲಕ್ಷಣಗಳು. ಕೆಲವರಿಗೆ ಜ್ವರ ಬಿಟ್ಟಂತಾಗಿ ಒಂದೆರಡು ವಾರದ ಮೇಲೆ ಮರುಕಳಿಸಿ ಮೆದುಳನ್ನು ಬಾಧಿಸುವುದರಿಂದ, ಬಿಟ್ಟಿತೆಂದು ಕೂಡಲೇ ತೋಟಕ್ಕೆ ಇಳಿಯಬಾರದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ರೋಗಿಯ ಮನೆಯನ್ನು ದೂರವಿಡುವ ಅಗತ್ಯವಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ರಕ್ತಸ್ರಾವಕ್ಕೆ ಎಡೆಮಾಡಬಹುದಾದ್ದರಿಂದ ಮೊದಲ ದಿನವೇ ಆಸ್ಪತ್ರೆಗೆ ಹೋಗಿ, ಹತ್ತಿರದಲ್ಲಿ ಮಂಗ ಸತ್ತಿರುವುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಜನರಿಗೆ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಗಿದೆ. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ನಡೆದಿದೆ.

ಮಳೆ ಹಿಡಿದ ಮೇಲೆ

ಜೂನ್‌ನಲ್ಲಿ ಮಳೆ ಕೂತ ಮೇಲೆ ಸಾವುಗಳು ನಿಲ್ಲುತ್ತವೆ, ಕಡತಗಳೂ ಹೆಚ್ಚಾಗಿ ಅಲ್ಲಿಗೇ ಮುಚ್ಚಿಹೋಗುತ್ತವೆ. ಅದರ ಬದಲು ಅರಣ್ಯ ಸಮಿತಿಯವರು ಗಸ್ತು ಸಿಬ್ಬಂದಿಯೊಡನೆ ಸೇರಿ, ಸಾವು ಸಂಭವಿಸಿದ ಬೆಟ್ಟಗಳಲ್ಲಿ ಈಗ ಎಷ್ಟು ಗುಂಪುಗಳಿವೆ, ಒಂದೊಂದರಲ್ಲಿ ದೊಡ್ಡವು ಎಷ್ಟು, ಮರಿ ಅಪ್ಪಿಕೊಂಡ ತಾಯಂದಿರು ಎಷ್ಟು ಎಂದು ಬೆಳಗಿನ ಹೊತ್ತು, ಅವು ತಂಗಿದ ಮರದಿಂದ ಇಳಿಯುವ ಮೊದಲು, ದೂರದಿಂದ ಎಣಿಸಿ ಬರೆದಿಡಬೇಕು. ಮುಸುವಗಳ ಗುಂಪು ಪೂರ್ತಿ ಅಳಿದ ಬೆಟ್ಟದಲ್ಲಿ ಮುಂದಿನ ವರ್ಷ ಮಂಗ ಸಾಯಲಿಲ್ಲವೆಂಬುದು ಸಮಾಧಾನದ ಸುದ್ದಿಯಾಗಲಾರದು. ಅಂತಹ ಕಡೆ ಹೆಣಕ್ಕಾಗಿ ಕಾಯದೆ ಉಣುಗು ಸಂಗ್ರಹವನ್ನೇ ನವೆಂಬರ್‌ನಿಂದ ಹೆಚ್ಚಿಸುವಂತೆ ಆರೋಗ್ಯ ಇಲಾಖೆಯನ್ನು ಲಿಖಿತವಾಗಿ ಕೇಳಬೇಕು. ಆ ಅರ್ಜಿಯ ಜೊತೆಗೆ ಎಣಿಕೆಯ ಪಟ್ಟಿಯನ್ನೂ ಹೆಣ ಸಿಕ್ಕ ಜಾಗಗಳ ನಕ್ಷೆಯನ್ನೂ ಲಗತ್ತಿಸಿ, ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ, ಇನ್ನೊಂದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.